ಬೇಡ್ತಿ ಎಲ್ಲಿ ಮುಗಿದು ಗಂಗಾವಳಿ ಎಲ್ಲಿ ಶುರು? ಶಾಲ್ಮಲೆ ಒಂದೋ, ಎರಡೋ?

ಹೊಳೆಸಾಲು (ಅಂಕೋಲಾ)

ಎಲ್ಲರಿಗೂ ನಮಸ್ಕಾರ. ಉತ್ತರ ಕನ್ನಡದ ಹೊಳೆಗಳ ಹೆಸರುಗಳನ್ನು ಊರೂರಿನವರಿಂದ ಕೇಳಿ ಒಂದು ಕಡೆ ಬರೆದಿಡುವ ಕೆಲಸ ಶುರು ಮಾಡಿದ್ದೇನೆ. ಕಾಳಿಯದು ಸುಲಭ. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟಿ ಕಾರವಾರದಲ್ಲಿ ಸಮುದ್ರ ಸೇರುವ ತನಕ 184 ಕಿ.ಮೀ. ಉದ್ದಕ್ಕೂ ಅದು ಕಾಳಿಯೇ. ಪಾಂಡ್ರಿ, ಕಾನೇರಿ, ನಾಗಝರಿ ಎಲ್ಲ ಬಂದು ಸೇರಿದರೂ ಹೆಸರು ಬದಲಾಗುವುದಿಲ್ಲ.

ತೊಡಕು ಇರುವುದು ನಮ್ಮ ಗಂಗಾವಳಿಯಲ್ಲಿ. ಒಂದು ಪುಸ್ತಕದಲ್ಲಿ "ಬೇಡ್ತಿ ಅಥವಾ ಗಂಗಾವಳಿ" ಎಂದಿದೆ. ಇನ್ನೊಂದರಲ್ಲಿ ಬೇಡ್ತಿ ಬರೀ ಒಂದು ಹಳ್ಳ, ಕಲಘಟಗಿ ಹತ್ತಿರ ಬಂದು ಶಾಲ್ಮಲೆಗೆ ಸೇರುತ್ತದೆ. ಮತ್ತೊಂದರಲ್ಲಿ ಅದೇ ಶಾಲ್ಮಲೆ ಶಿರಸಿಯ ಸಹಸ್ರಲಿಂಗದ ಹತ್ತಿರ ಹರಿಯುತ್ತದೆ. ಧಾರವಾಡದ ನೀರು ಶಿರಸಿಗೆ ಹೋಗಿ ಅಂಕೋಲೆಗೆ ಬರುತ್ತದೆಯೇ? ನಕ್ಷೆ ಬಿಡಿಸಿ ನೋಡಿದರೆ ಹಾಗೆ ಕಾಣುವುದಿಲ್ಲ.

ನನ್ನ ಪ್ರಶ್ನೆ ಮೂರು. ಶಾಲ್ಮಲೆ ಎಷ್ಟು? ಬೇಡ್ತಿ ಯಾವ ಜಾಗದಿಂದ ಗಂಗಾವಳಿ ಆಗುತ್ತದೆ? ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು, ಇಷ್ಟು ಹೆಸರಿರುವ ನದಿಯನ್ನು ಹೇಗೆ ಬರೆಯಬೇಕು? ಒಂದು ಹೆಸರನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡಲು ನನಗೆ ಮನಸ್ಸಿಲ್ಲ.


ಧಾರವಾಡ ಮಣ್ಣು

ನಮ್ಮ ಕಡೆಯದನ್ನು ನಾನು ಹೇಳುತ್ತೇನ್ರಿ. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಶಾಲ್ಮಲೆ ಹುಟ್ಟುತ್ತದೆ. ನದಿ ನೋಡಬೇಕೆಂದು ಹೋದವರಿಗೆ ನದಿ ಕಾಣುವುದಿಲ್ಲ. ಅದಕ್ಕೇ ಊರಿನವರು ಗುಪ್ತಗಾಮಿನಿ ಅನ್ನುತ್ತಾರೆ. ಆದರೆ ಹೊಳೆ ಸಣ್ಣದೆಂದು ಅದರ ಮೇಲಿನ ಪ್ರೀತಿ ಸಣ್ಣದಲ್ಲ. ನಮ್ಮಲ್ಲಿ ಮಕ್ಕಳಿಗೆ ಶಾಲ್ಮಲಾ ಎಂದು ಹೆಸರಿಡುವವರಿದ್ದಾರೆ.

ಧಾರವಾಡ ಇರುವುದು ನೀರು ಎರಡು ಕಡೆ ಒಡೆಯುವ ದಿಬ್ಬದ ಮೇಲೆ. ಉಳವಿ ಚನ್ನಬಸವೇಶ್ವರ ಗುಡಿಯ ಮಾಳಿಗೆಯ ಮೂಡಲ ಕಡೆ ಬಿದ್ದ ಮಳೆ ಬಂಗಾಳ ಕೊಲ್ಲಿಗೆ, ಪಡುವಣ ಕಡೆ ಬಿದ್ದದ್ದು ಅರಬ್ಬಿ ಸಮುದ್ರಕ್ಕೆ ಎಂದು ಊರಲ್ಲಿ ಹೇಳುವ ಮಾತಿದೆ. ಮೂಡಲ ಕಡೆಯ ನೀರು ತುಪ್ಪರಿಹಳ್ಳ, ಬೆಣ್ಣಿಹಳ್ಳ ಹಿಡಿದು ಮಲಪ್ರಭೆಗೆ ಹೋಗುತ್ತದೆ. ಅಲ್ಲಿಂದ ಕೂಡಲಸಂಗಮದಲ್ಲಿ ಕೃಷ್ಣೆಗೆ. ಪಡುವಣ ಕಡೆಯದು ಶಾಲ್ಮಲೆ ಆಗಿ ನಿಮ್ಮ ಅಂಕೋಲೆಗೆ ಬರುತ್ತದೆ. ಬಯಲುಸೀಮೆಯ ಊರೊಂದು ಕರಾವಳಿಯ ನದಿಗೆ ತವರುಮನೆ ಆಗಿರುವುದು ನಮಗೆ ಹೆಮ್ಮೆ.

ಅಂದ ಹಾಗೆ, ನಮ್ಮ ಶಾಲ್ಮಲೆ ಕಲಘಟಗಿ ಕಡೆ ಹೋಗುತ್ತದೆ. ಶಿರಸಿಗೆ ಹೋಗುವುದಿಲ್ಲ.


ಕಾನುಸಾಲು (ಶಿರಸಿ)

ಹೌದು, ಇದನ್ನು ಸ್ಪಷ್ಟವಾಗಿ ಬರೆಯಲೇಬೇಕು. ಶಾಲ್ಮಲೆ ಎರಡು.

ಸಹಸ್ರಲಿಂಗದ ಶಾಲ್ಮಲೆ ಶಿರಸಿ ಸೀಮೆಯಲ್ಲೇ ಹುಟ್ಟುವ ಹೊಳೆ. ಶಿರಸಿಯಿಂದ ಸುಮಾರು 17 ಕಿ.ಮೀ. ದೂರದಲ್ಲಿ, ಹೊಳೆಯ ನಡುವಿನ ಬಂಡೆಗಳ ಮೇಲೆ ಲಿಂಗ, ಬಸವ ಕಡೆದಿದ್ದಾರೆ. ಸ್ವಾದಿ ಅರಸ ಸದಾಶಿವರಾಯನ ಕಾಲದ ಕೆಲಸ ಎಂದು ಹೇಳುತ್ತಾರೆ. ಬೇಸಿಗೆಯಲ್ಲಿ ನೀರು ಇಳಿದಾಗ ಮಾತ್ರ ಎಲ್ಲ ಕಾಣುತ್ತವೆ. ಶಿವರಾತ್ರಿಗೆ ಜನ ಜಾತ್ರೆಯ ಹಾಗೆ ಬರುತ್ತಾರೆ. ಈ ಹೊಳೆ ಉತ್ತರಕ್ಕೆ ಕಾಡಿನಲ್ಲಿ ಹರಿದು ಬೇಡ್ತಿಗೆ ಸೇರುತ್ತದೆ.

ಅಂದರೆ ಎರಡೂ ಶಾಲ್ಮಲೆಗಳು ಕೊನೆಗೆ ಸೇರುವುದು ಒಂದೇ ನದಿಗೆ. ಒಂದು ಮೇಲಿನಿಂದ, ಧಾರವಾಡದ ಕಡೆಯಿಂದ. ಇನ್ನೊಂದು ತೆಂಕಣದಿಂದ, ಶಿರಸಿಯ ಕಡೆಯಿಂದ. ಗೊಂದಲ ಹುಟ್ಟಿದ್ದು ಇದರಿಂದಲೇ. ಎರಡೂ ಹೊಳೆ ಬೇರೆ ಬೇರೆ ನದಿಗೆ ಸೇರಿದ್ದರೆ ಯಾರೂ ಕಲಸುತ್ತಿರಲಿಲ್ಲ. ಒಂದೇ ನದಿಯ ಎರಡು ಕೂಡುಹೊಳೆಗೆ ಒಂದೇ ಹೆಸರು ಇದ್ದಾಗ, ದೂರದಲ್ಲಿ ಕೂತು ಬರೆಯುವವರು "ಧಾರವಾಡದಲ್ಲಿ ಹುಟ್ಟುವ ಶಾಲ್ಮಲೆ ಸಹಸ್ರಲಿಂಗದ ಮೂಲಕ ಹರಿಯುತ್ತದೆ" ಎಂದು ಸುಲಭವಾಗಿ ಬರೆದುಬಿಡುತ್ತಾರೆ. ಒಬ್ಬರು ಬರೆದದ್ದನ್ನು ಹತ್ತು ಜನ ಎತ್ತಿಕೊಳ್ಳುತ್ತಾರೆ.

ಶಿರಸಿಯ ಶಾಲ್ಮಲೆಯ ದಡದ ಕಾಡಿಗೆ ಶಾಲ್ಮಲಾ ಹೆಸರಿನಲ್ಲೇ ಸಂರಕ್ಷಣಾ ಮೀಸಲು ಪ್ರದೇಶ ಆಗಿದೆ. ಬೇಡ್ತಿ ಕಣಿವೆಯದು ಬೇರೆ ಮೀಸಲು, 2011ರಲ್ಲಿ ಘೋಷಣೆ ಆದದ್ದು. ಮಂಗಟ್ಟೆ ಹಕ್ಕಿಗಳು ಜಾಸ್ತಿ ಇರುವ ಕಾಡು ಅದು.


ನಕ್ಷೆ ಓದುಗ

ಭೂಗೋಳ ಪಾಠ ಮಾಡುವವನು ನಾನು. ಈ ನದಿ ನನಗೆ ಬಹಳ ಇಷ್ಟ. ಯಾಕೆಂದು ಹೇಳುತ್ತೇನೆ.

ನಮ್ಮ ಕರಾವಳಿಯ ಹೆಚ್ಚಿನ ನದಿಗಳು ಘಟ್ಟದ ನೆತ್ತಿಯಲ್ಲೋ ಅದರ ಪಕ್ಕದಲ್ಲೋ ಹುಟ್ಟಿ, ಕಡಿದಾಗಿ ಇಳಿದು, ಬೇಗ ಸಮುದ್ರ ಸೇರುತ್ತವೆ. ಗಂಗಾವಳಿ ಹಾಗಲ್ಲ. ಇದು ಘಟ್ಟದ ಆಚೆ, ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದ ಧಾರವಾಡದ ಬಯಲಿನಲ್ಲಿ ಹುಟ್ಟುತ್ತದೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿ.ಮೀ. ಆಮೇಲೆ ಅದು ಯಲ್ಲಾಪುರದ ಮಲೆನಾಡು ದಾಟುತ್ತದೆ, ಮಾಗೋಡಿನಲ್ಲಿ ಸುಮಾರು 200 ಮೀಟರ್ ಧುಮುಕುತ್ತದೆ, ಕಣಿವೆ ಹಿಡಿದು 3000 ಮಿ.ಮೀ. ದಾಟಿ ಮಳೆ ಸುರಿಯುವ ಕರಾವಳಿಗೆ ಬರುತ್ತದೆ. ಒಂದೇ ನದಿ ಜೋಳದ ಹೊಲ, ಅಡಿಕೆ ತೋಟ, ಉಪ್ಪುನೀರಿನ ಗದ್ದೆ ಮೂರನ್ನೂ ನೋಡುತ್ತದೆ. ಮೂರು ಸೀಮೆಯ ಜನ ಮೂರು ಹೆಸರು ಇಟ್ಟಿದ್ದಾರೆ. ಇದರಲ್ಲಿ ಆಶ್ಚರ್ಯ ಏನಿದೆ?

ಇನ್ನು ಯಾವುದು ಮುಖ್ಯ ನದಿ, ಯಾವುದು ಉಪನದಿ ಎಂಬ ಪ್ರಶ್ನೆ. ಇದಕ್ಕೆ ಒಂದೇ ಅಳತೆಗೋಲು ಇಲ್ಲ. ಎರಡು ಹೊಳೆ ಕೂಡುವಲ್ಲಿ ಉದ್ದದ್ದನ್ನು ಮುಖ್ಯ ಅನ್ನಬಹುದು. ಜಾಸ್ತಿ ನೀರು ತರುವುದನ್ನು ಮುಖ್ಯ ಅನ್ನಬಹುದು. ಜಾಸ್ತಿ ಜಾಗದ ಮಳೆ ಕೂಡಿಸಿ ತರುವುದನ್ನೂ ಅನ್ನಬಹುದು. ಮೂರೂ ಅಳತೆಯಲ್ಲಿ ಒಂದೇ ಹೊಳೆ ಗೆದ್ದರೆ ತಕರಾರಿಲ್ಲ. ಗೆಲ್ಲದಿದ್ದಾಗ ಪದ್ಧತಿಯಂತೆ ನಡೆಯುತ್ತದೆ. ಕಲಘಟಗಿಯಲ್ಲಿ ಸೇರುವುದು ಧಾರವಾಡದ ಶಾಲ್ಮಲೆ ಮತ್ತು ಹುಬ್ಬಳ್ಳಿ ಕಡೆಯಿಂದ ಬರುವ ಬೇಡ್ತಿ ಹಳ್ಳ. ಕೂಡಿದ ಮೇಲೆ ಉಳಿದದ್ದು ಬೇಡ್ತಿಯ ಹೆಸರು. ಆದರೆ "ನದಿ ಎಲ್ಲಿ ಹುಟ್ಟಿತು" ಎಂದು ಕೇಳಿದರೆ ಎಲ್ಲರೂ ಸೋಮೇಶ್ವರ ಎನ್ನುತ್ತಾರೆ. ಅಂದರೆ ಹುಟ್ಟು ಒಂದರದು, ಹೆಸರು ಇನ್ನೊಂದರದು! ನದಿಯ ಉದ್ದ ಒಂದೊಂದು ಕಡೆ ಒಂದೊಂದು ಇರುವುದಕ್ಕೆ, ಕೆಲವರು 152, ಕೆಲವರು 161 ಕಿ.ಮೀ. ಅನ್ನುವುದಕ್ಕೆ, ಎಲ್ಲಿಂದ ಅಳೆಯಬೇಕು ಎಂಬುದೂ ಒಂದು ಕಾರಣ ಆಗಬಹುದು.


ಹೊಳೆಸಾಲು (ಅಂಕೋಲಾ)

ತುಂಬಾ ಉಪಕಾರ ಆಯಿತು. ಶಾಲ್ಮಲೆಯ ಗಂಟು ಬಿಚ್ಚಿತು. ಹಾಗಾದರೆ ಎರಡನೇ ಪ್ರಶ್ನೆ. ಬೇಡ್ತಿ ಎಲ್ಲಿ ಗಂಗಾವಳಿ ಆಗುತ್ತದೆ?

ನಮ್ಮ ಬದಿಯ ಕೊನೆ ನನಗೆ ಗೊತ್ತು. ಗೋಕರ್ಣಕ್ಕೂ ಅಂಕೋಲೆಗೂ ನಡುವೆ ನದಿ ಸಮುದ್ರ ಸೇರುವಲ್ಲಿ ಗಂಗಾವಳಿ ಎಂಬ ಊರೇ ಇದೆ, ಗಂಗಾಮಾತೆಯ ದೇವಸ್ಥಾನ ಇದೆ. ಆಚೆ ದಡದಲ್ಲಿ ಮಂಜಗುಣಿ. ದೀಪಾವಳಿಯ ಆಸುಪಾಸಿನಲ್ಲಿ ಗೋಕರ್ಣದ ಮಹಾಬಲೇಶ್ವರನಿಗೂ ಗಂಗೆಗೂ ಮದುವೆಯ ಉತ್ಸವ ನಡೆಯುತ್ತದೆ. ನದಿಗೆ ಗಂಗಾವಳಿ ಎಂಬ ಹೆಸರು ಅಳಿವೆಯ ಈ ಊರಿನಿಂದ ಮೇಲಕ್ಕೆ ಹತ್ತಿದ್ದು ಎಂಬುದು ನನ್ನ ನಂಬಿಕೆ. ಎಷ್ಟು ದೂರ ಹತ್ತಿದೆ ಎಂಬುದೇ ಪ್ರಶ್ನೆ.


ಕಾನುಸಾಲು (ಶಿರಸಿ)

ಶಿರಸಿ–ಯಲ್ಲಾಪುರ ರಸ್ತೆಯಲ್ಲಿ ಮಂಚಿಕೇರಿ ಹತ್ತಿರ ನದಿ ದಾಟುತ್ತೇವಲ್ಲ, ಅಲ್ಲಿ ಅದು ಬೇಡ್ತಿ. ಅನುಮಾನವೇ ಇಲ್ಲ. ಮಾಗೋಡಿನಲ್ಲೂ ಬೇಡ್ತಿಯೇ. ಜೇನುಕಲ್ಲು ಗುಡ್ಡದ ತುದಿಯಲ್ಲಿ ನಿಂತು ಕೆಳಗೆ ನೋಡುವ ಕಣಿವೆಯನ್ನೂ ಬೇಡ್ತಿ ಕಣಿವೆ ಎಂದೇ ಕರೆಯುತ್ತೇವೆ.

1980ರ ದಶಕದ ಆರಂಭದಲ್ಲಿ ಇಲ್ಲಿ ಜಲವಿದ್ಯುತ್ ಯೋಜನೆ ಬರುವುದಿತ್ತು. ಅದರ ಹೆಸರೂ ಬೇಡ್ತಿ ಯೋಜನೆ. ಶಿರಸಿಯ ತೋಟಗಾರರು, ವಿಜ್ಞಾನಿಗಳು, ಪರಿಸರದ ಕಾಳಜಿ ಇದ್ದವರು ಒಟ್ಟಾಗಿ ಕೂತು ಲಾಭ–ನಷ್ಟ ಚರ್ಚೆ ಮಾಡಿದರು. ಆಮೇಲೆ ಯೋಜನೆ ನಿಂತಿತು. ನಮ್ಮ ಹಿರಿಯರ ಬಾಯಲ್ಲಿ ಬೇಡ್ತಿ ಅಂದರೆ ಆ ಹೋರಾಟವೂ ಹೌದು.


ಅರಬೈಲು ದಾರಿ

ಯಲ್ಲಾಪುರದಿಂದ ಅರಬೈಲ್ ಘಟ್ಟ ಇಳಿದರೆ ಗುಳ್ಳಾಪುರ. ತಾಲ್ಲೂಕು ಯಲ್ಲಾಪುರವೇ, ಆದರೆ ಜನ ಗಂಗಾವಳಿ ಅನ್ನುತ್ತಾರೆ. 2021ರ ಜುಲೈ ನೆರೆಯಲ್ಲಿ ಗುಳ್ಳಾಪುರದ ಸೇತುವೆ ಕೊಚ್ಚಿಹೋದಾಗ ಎಲ್ಲ ಪತ್ರಿಕೆಗಳೂ "ಗಂಗಾವಳಿ ಪ್ರವಾಹ" ಎಂದೇ ಬರೆದವು. ಅಲ್ಲಿಂದ ಕೆಳಗೆ ರಾಮನಗುಳಿ, ಸುಂಕಸಾಳ, ಶಿರೂರು, ಎಲ್ಲ ಗಂಗಾವಳಿಯೇ. ಹಾಗಾಗಿ ನನ್ನ ಲೆಕ್ಕದಲ್ಲಿ ಹೆಸರು ಬದಲಾಗುವುದು ಮಾಗೋಡಿನ ಕಣಿವೆಗೂ ಘಟ್ಟದ ಬುಡಕ್ಕೂ ನಡುವೆ. ಆ ಕಣಿವೆಯಲ್ಲಿ ಮನೆಗಳೇ ಕಡಿಮೆ. ಕರೆಯುವವರು ಇಲ್ಲದ ಜಾಗದಲ್ಲಿ ಒಂದು ಹೆಸರು ನಿಂತು ಇನ್ನೊಂದು ಶುರುವಾಗಿದೆ.

ಒಂದು ಮಾತು ಸೇರಿಸುತ್ತೇನೆ. ಹೊಳೆಯ ದಡದಲ್ಲೇ ಮನೆ ಇರುವವರು ದಿನಾ ಬೇಡ್ತಿ, ಗಂಗಾವಳಿ ಎಂದೆಲ್ಲ ಹೇಳುವುದಿಲ್ಲ. ಅವರಿಗೆ ಅದು ಸುಮ್ನೆ "ಹೊಳೆ". "ಹೊಳೆ ಬಂತು" ಅಂದರೆ ನೆರೆ ಬಂತು ಎಂದು ಅರ್ಥ. ಹೆಸರು ಬೇಕಾಗುವುದು ಇನ್ನೊಂದು ಊರಿನವರ ಹತ್ತಿರ ಮಾತಾಡುವಾಗ.


ಗಜನಿ ಗದ್ದೆ (ಕುಮಟಾ)

ನಮ್ಮ ಅಘನಾಶಿನಿಯ ಕಥೆಯೂ ಇದೇ, ಅದಕ್ಕೇ ಬರೆಯುತ್ತಿದ್ದೇನೆ.

ಶಿರಸಿಯ ಶಂಕರಹೊಂಡವನ್ನು ಅದರ ಮೂಲ ಅನ್ನುತ್ತಾರೆ. ಮಂಜುಗುಣಿ ಕಡೆಯಿಂದ ಇನ್ನೊಂದು ಕವಲು ಬರುತ್ತದೆ. ಗಮನಿಸಿ, ಇದು ಶಿರಸಿಯ ಮಂಜುಗುಣಿ, ವೆಂಕಟರಮಣ ದೇವರಿರುವ ಊರು. ಗಂಗಾವಳಿಯ ಅಳಿವೆಯ ಮಂಜಗುಣಿ ಬೇರೆ. ಇದನ್ನೂ ನಿಮ್ಮ ಪಟ್ಟಿಯಲ್ಲಿ ಬಿಡಿಸಿ ಬರೆಯಿರಿ, ಇಲ್ಲದಿದ್ದರೆ ಯಾರಾದರೂ ಎರಡು ನದಿಯನ್ನು ಒಂದು ಮಾಡಿಬಿಡುತ್ತಾರೆ. ಎರಡು ಕವಲು ಕೂಡಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಕೆಳಗೆ ಮಿರ್ಜಾನ್ ಕೋಟೆಯ ಪಕ್ಕದಿಂದ ಹಿನ್ನೀರಿಗೆ ಬರುತ್ತದೆ. ಅಳಿವೆಯ ಉತ್ತರದಲ್ಲಿ ತದಡಿ, ದಕ್ಷಿಣದಲ್ಲಿ ಅಘನಾಶಿನಿ ಎಂಬ ಊರು. ಬ್ರಿಟಿಷರ ಕಾಲದ ಗೆಜೆಟಿಯರ್‌ನಲ್ಲಿ ನದಿಗೆ ತದಡಿ ಎಂದೇ ಹೆಸರು. ದಡದ ಒಂದು ಕಡೆಯ ಊರಿನ ಹೆಸರು ಅವರು ಹಿಡಿದರು, ಇನ್ನೊಂದು ಕಡೆಯ ಊರಿನ ಹೆಸರು ಈಗ ಉಳಿದಿದೆ.

ನಮ್ಮ ನದಿಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. 2024ರಲ್ಲಿ ಅಳಿವೆ, ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಸೇರಿದ್ದು ಅಘನಾಶಿನಿ ಎಂಬ ಹೆಸರಿನಲ್ಲಿ. ಗಜನಿಯಲ್ಲಿ, ಅಂದರೆ ಉಪ್ಪುನೀರು ಬರುವ ಗದ್ದೆಯಲ್ಲಿ, ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುವವರು, ಚಿಪ್ಪಿಕಲ್ಲು ಹೆಕ್ಕುವ ಹೆಂಗಸರು ಈಗ ಹೊರಗಿನವರಿಗೆ ಅಘನಾಶಿನಿಯವರು. ಹೆಸರು ಹೀಗೆ ದೂರದ ಕಾಗದದಲ್ಲಿ ಒಮ್ಮೆ ಕೂತರೆ ಮತ್ತೆ ಏಳುವುದಿಲ್ಲ. ಕೂರಿಸುವಾಗಲೇ ಸರಿ ನೋಡಬೇಕು.


ಹಕ್ಲಾಡಿ ಹಾದಿ (ಕುಂದಾಪುರ)

ನಮ್ಮ ಬದಿಯದ್ದನ್ನೂ ಕಾಣಿ. ಕುಂದಾಪುರ–ಗಂಗೊಳ್ಳಿಯ ಅಳಿವೆಯಲ್ಲಿ ಐದು ಹೊಳೆ ಸೇರುತ್ತವೆ. ಸೌಪರ್ಣಿಕಾ, ಚಕ್ರಾ, ಕುಬ್ಜಾ, ಖೇಟಕ, ವಾರಾಹಿ. ಒಟ್ಟಿಗೆ ಪಂಚಗಂಗಾವಳಿ. ನಿಮ್ಮ ಗಂಗಾವಳಿಗೂ ಇದಕ್ಕೂ ಸಂಬಂಧ ಇಲ್ಲ, ಹೆಸರು ಮಾತ್ರ ಒಂದೇ ತೆರನಾದ್ದು. ಗಂಗೊಳ್ಳಿ ಎಂಬ ಊರಿನ ಹೆಸರನ್ನೂ ಇದರ ಜೊತೆ ಸೇರಿಸಿ ಹೇಳುವುದಿದೆ.

ಇಲ್ಲಿ ಸೌಪರ್ಣಿಕೆಯ ದಾರಿಯನ್ನು ಬಿಟ್ಟು ಮುಂದೆ ಹೋಗಲು ನನ್ನಿಂದಾಗದು. ಕೊಡಚಾದ್ರಿ ಕಡೆಯಿಂದ ಕೊಲ್ಲೂರಿಗೆ ಬಂದು, ಪಡುವಣಕ್ಕೆ ಹರಿದು, ಮರವಂತೆಯಲ್ಲಿ ಸಮುದ್ರದ ಪಕ್ಕಕ್ಕೇ ಬರುತ್ತದೆ. ನಡುವೆ ಇರುವುದು ಹೆದ್ದಾರಿ ಮತ್ತು ಒಂದಿಷ್ಟು ಮರಳು. ಇನ್ನೇನು ಸೇರಿತು ಅನ್ನುವಾಗ ತಿರುಗಿ, ಸಮುದ್ರಕ್ಕೆ ಸಮನಾಗಿ ದಕ್ಷಿಣಕ್ಕೆ ಹೋಗಿ, ಗಂಗೊಳ್ಳಿಯಲ್ಲಿ ಸೇರುತ್ತದೆ. ಅಲೆ ತಂದು ಹಾಕಿದ ಮರಳಿನ ದಿಬ್ಬ ಅಡ್ಡ ನಿಂತದ್ದರಿಂದ ಹೊಳೆ ಬಾಗಿತು. ನಮ್ಮ ಕರಾವಳಿಯ ಎಷ್ಟೋ ಹೊಳೆಗಳು ಹೀಗೆ ಕೊನೆಯಲ್ಲಿ ಬಾಗುತ್ತವೆ. ಐದು ಹೊಳೆಗೆ ಒಂದೇ ಬಾಯಿ ಆದದ್ದಕ್ಕೂ ಈ ಬಾಗು ಕಾರಣ. ಸೌಪರ್ಣಿಕೆ ಮರವಂತೆಯಲ್ಲೇ ಸಮುದ್ರ ಸೇರಿದ್ದರೆ ಐದರಲ್ಲಿ ಒಂದು ಕಡಿಮೆಯಾಗುತ್ತಿತ್ತು.

ಹೆಸರಿನ ವಿಷಯಕ್ಕೆ ಬಂದರೆ ವಾರಾಹಿ ನೋಡಿ. ಘಟ್ಟದ ಮೇಲೆ ವಾರಾಹಿ. ಮಾಣಿ ಅಣೆಕಟ್ಟು, 460 ಮೆಗಾವ್ಯಾಟ್‌ನ ನೆಲದಡಿಯ ವಿದ್ಯುತ್ ಕೇಂದ್ರ, ನೀರಾವರಿ ಯೋಜನೆ, ಎಲ್ಲದಕ್ಕೂ ವಾರಾಹಿ ಹೆಸರು. ಕೆಳಗೆ ಬಂದರೆ ಹಾಲಾಡಿ ಹೊಳೆ. ನೀರಿನ ಮಟ್ಟ ಅಳೆಯುವ ಕೇಂದ್ರ ಇರುವುದು ಹಾಲಾಡಿ ಎಂಬ ಹೆಸರಲ್ಲಿ. ಮೇಲೆ ವಾರಾಹಿಯಿಂದ ನೀರು ಬಿಟ್ಟರೆ ಕೆಳಗೆ ಹಾಲಾಡಿಯಲ್ಲಿ ಏರುತ್ತದೆ ಎಂದು ನಮಗೆ ಗೊತ್ತು. ಹೊರಗಿನಿಂದ ಬಂದು ಹೊಳೆಬದಿಯಲ್ಲಿ ಮನೆ ಮಾಡಿದವರಿಗೆ ಗೊತ್ತಿರಬೇಕೆಂದಿಲ್ಲ.


ಪಡುವಣ ತೋಡು (ಬಂಟ್ವಾಳ)

ಸರಿಯಾದ ಜಾಗಕ್ಕೆ ಬಂತು ನೋಡಿ ಮಾತು. ಹೆಸರು ಬರೀ ಕುತೂಹಲದ ವಿಷಯ ಅಲ್ಲ ಮಾರಾಯ್ರೆ.

ನಮ್ಮ ದಕ್ಷಿಣ ಕನ್ನಡ, ಉಡುಪಿಯಲ್ಲಿ ಪ್ರತಿ ಹೊಳೆಗೂ ಎರಡು ಹೆಸರು. ಗುರುಪುರ ಹೊಳೆ ಫಲ್ಗುಣಿ. ಮೂಲ್ಕಿ ಹೊಳೆ ಶಾಂಭವಿ. ಪಾವಂಜೆ ಹೊಳೆ ನಂದಿನಿ. ಉದ್ಯಾವರ ಹೊಳೆ ಪಾಪನಾಶಿನಿ. ಒಂದು ಊರಿನ ಹೆಸರು, ಒಂದು ದೇವಸ್ಥಾನದ ಕಥೆಯ ಹೆಸರು. ತುಳುವಿನಲ್ಲಿ ಮಾತಾಡುವಾಗ ಊರಿನ ಹೆಸರಿಗೆ "ಸುದೆ" ಸೇರಿಸಿದರೆ ಮುಗಿಯಿತು. ಸುಳ್ಯದಲ್ಲಿ ಪಯಸ್ವಿನಿ ಆಗಿರುವ ಹೊಳೆ ಕಾಸರಗೋಡಿಗೆ ಹೋದರೆ ಚಂದ್ರಗಿರಿ. ರಾಜ್ಯ ಬದಲಾಯಿತು, ಹೆಸರೂ ಬದಲಾಯಿತು.

ಆದರೆ ನಾನು ಹೇಳಬೇಕೆಂದದ್ದು ನೇತ್ರಾವತಿ. ಉಪ್ಪಿನಂಗಡಿಯಲ್ಲಿ ಕುಮಾರಧಾರೆ ಬಂದು ಸೇರುತ್ತದೆ. ಅಲ್ಲಿಯೂ ಸಹಸ್ರಲಿಂಗೇಶ್ವರ ದೇವಸ್ಥಾನ ಇದೆ, ನಿಮ್ಮ ಪಟ್ಟಿಗೆ ಇದೂ ಇರಲಿ. ಮಳೆಗಾಲದಲ್ಲಿ ಎರಡು ನದಿಯ ನೀರು ದೇವಸ್ಥಾನದ ಎದುರು ಕೂಡಿದರೆ ಸಂಗಮ ಆಯಿತೆಂದು ಪೂಜೆ ಮಾಡುತ್ತಾರೆ. ಕೂಡಿದ ಮೇಲೆ ಕುಮಾರಧಾರೆಯ ಹೆಸರು ಹೋಗುತ್ತದೆ. ಬಂಟ್ವಾಳಕ್ಕೆ ಬರುವುದು ನೇತ್ರಾವತಿ ಮಾತ್ರ. 1923, 1974ರ ನೆರೆಯ ಮಾತು ನಮ್ಮಲ್ಲಿ ಈಗಲೂ ಬರುತ್ತದೆ. ಬಂಟ್ವಾಳದ ಅಪಾಯದ ಮಟ್ಟ 8.5 ಮೀಟರ್. ಮಳೆ ಜೋರಾದರೆ ಎಲ್ಲರ ಕಣ್ಣು ಆ ಸಂಖ್ಯೆಯ ಮೇಲೆ. ಆ ನೀರಿನಲ್ಲಿ ಸುಬ್ರಹ್ಮಣ್ಯದ ಮಳೆಯೂ ಇದೆ, ಗುಂಡ್ಯದ ಮಳೆಯೂ ಇದೆ.

ಈಗ ಎತ್ತಿನಹೊಳೆ. ಸಕಲೇಶಪುರದ ಕಡೆಯ ಒಂದು ಹೊಳೆ. ಅದರ ನೀರು ಗುಂಡ್ಯ ಹೊಳೆಗೆ, ಅಲ್ಲಿಂದ ಕುಮಾರಧಾರೆಗೆ, ಕೊನೆಗೆ ನೇತ್ರಾವತಿಗೆ. 24.01 ಟಿಎಂಸಿ ನೀರನ್ನು ಬಯಲುಸೀಮೆಗೆ ಒಯ್ಯುವ ಯೋಜನೆಗೆ ಸರ್ಕಾರ ಇಟ್ಟ ಹೆಸರು ಎತ್ತಿನಹೊಳೆ. ಕೆಳಗೆ ಪ್ರತಿಭಟನೆಗೆ ಇಳಿದವರು ಕೂಗಿದ ಹೆಸರು "ನೇತ್ರಾವತಿ ತಿರುವು". ಒಂದೇ ನೀರು. ಒಂದು ಹೆಸರು ಕೇಳಿದರೆ ಯಾವುದೋ ದೂರದ ಸಣ್ಣ ಹೊಳೆ ಅನ್ನಿಸುತ್ತದೆ. ಇನ್ನೊಂದು ಕೇಳಿದರೆ ನಮ್ಮ ಬಾವಿ, ನಮ್ಮ ತೋಟ, ಮಂಗಳೂರಿನ ನಲ್ಲಿ ಎಲ್ಲ ನೆನಪಾಗುತ್ತದೆ. ಯೋಜನೆ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಬಯಲುಸೀಮೆಯವರ ಬಾಯಾರಿಕೆಯೂ ಸುಳ್ಳಲ್ಲ. ಆದರೆ ಯಾವ ಹೆಸರಲ್ಲಿ ಚರ್ಚೆ ನಡೆಯುತ್ತದೆ ಎಂಬುದರ ಮೇಲೆ ಯಾರು ಕಿವಿಗೊಡುತ್ತಾರೆ ಎಂಬುದು ನಿಂತಿದೆ.


ನಕ್ಷೆ ಓದುಗ

ಪಡುವಣ ತೋಡು ಅವರ ಮಾತಿಗೆ ಒಂದು ತಿದ್ದುಪಡಿ ಅಲ್ಲ, ಒಂದು ಸೇರ್ಪಡೆ. ಅಣೆಕಟ್ಟು ಯಾವ ಹೊಳೆಯ ಮೇಲೆ ಕಟ್ಟುತ್ತಾರೋ ಅದರ ಹೆಸರನ್ನು ಯೋಜನೆಗೆ ಇಡುವುದು ಎಂಜಿನಿಯರಿಂಗ್‌ನಲ್ಲಿ ಸಹಜ. ನೇತ್ರಾವತಿ ಎಂದು ಬರೆದಿದ್ದರೆ ನೇತ್ರಾವತಿಗೇ ಅಡ್ಡ ಕಟ್ಟುತ್ತಾರೆ ಎಂದು ತಿಳಿಯುತ್ತಿದ್ದರು. ಜಾಗ ಗೊತ್ತಾಗಬೇಕಾದರೆ ಸಣ್ಣ ಹೊಳೆಯ ಹೆಸರೇ ಬೇಕು. ನನ್ನ ದೂರು ಸಣ್ಣ ಹೆಸರು ಬರೆದದ್ದಕ್ಕಲ್ಲ. ಅಷ್ಟಕ್ಕೇ ನಿಲ್ಲಿಸಿದ್ದಕ್ಕೆ. "ಈ ಹೊಳೆ ಇಂಥ ನದಿಗೆ, ಆ ನದಿ ಇಂಥ ಊರಿನಲ್ಲಿ ಸಮುದ್ರಕ್ಕೆ" ಎಂದು ಒಂದು ಸಾಲು ಜೊತೆಗೆ ಇದ್ದರೆ ಗೊಂದಲ ಅರ್ಧ ಇಳಿಯುತ್ತದೆ.


ಪಡುವಣ ತೋಡು (ಬಂಟ್ವಾಳ)

ಒಪ್ಪುತ್ತೇನೆ. ಆದರೆ ಆ ಸಾಲು ಮುಖಪುಟದಲ್ಲಿ ಇರಬೇಕು. ಒಳಗಿನ ಹಾಳೆಯಲ್ಲಿ ಇದ್ದರೆ ಯಾರು ಓದುತ್ತಾರೆ?


ಕಾನುಸಾಲು (ಶಿರಸಿ)

ಎತ್ತಿನಹೊಳೆಯ ಮಾತು ಓದಿ ಕೂರಲಾಗಲಿಲ್ಲ. ನಮ್ಮಲ್ಲೂ ಇದೇ ಇದೆ.

ಬೇಡ್ತಿ–ವರದಾ ಜೋಡಣೆ ಎಂದು ಒಂದು ಪ್ರಸ್ತಾಪ ಬಹಳ ವರ್ಷಗಳಿಂದ ಇದೆ. ವರದಾ ನಮ್ಮ ಪಕ್ಕದ್ದೇ ನದಿ. ಸಾಗರದ ವರದಾಮೂಲದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿ, ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಗೆ ಸೇರುತ್ತದೆ. ಪೂರ್ವಕ್ಕೆ ಹೋಗುವ ನದಿ. ಪಶ್ಚಿಮಕ್ಕೆ ಹೋಗುವ ಬೇಡ್ತಿಯ ನೀರನ್ನು ಎತ್ತಿ ಅದಕ್ಕೆ ಹರಿಸುವುದು ಯೋಚನೆ. ಕಟ್ಟೆ ಕಟ್ಟುವುದು ಎಲ್ಲಿ ಎಂದು ನೋಡಿದರೆ ಪಟ್ಟಣದ ಹಳ್ಳ ಮತ್ತು ಶಾಲ್ಮಲಾ ಹಳ್ಳ. ಸಹಸ್ರಲಿಂಗದ ಶಾಲ್ಮಲೆ ಕಾಗದದಲ್ಲಿ "ಹಳ್ಳ" ಆಗಿದೆ. ನಮ್ಮಲ್ಲಿ ಹಳ್ಳ ಅಂದರೆ ಬೇಸಿಗೆಯಲ್ಲಿ ದಾಟಿ ಹೋಗುವಷ್ಟು ನೀರಿನದ್ದು. ಹೊಳೆ ಅಂದರೆ ಅದಕ್ಕಿಂತ ದೊಡ್ಡದು. ಶಾಲ್ಮಲೆಯನ್ನು ನಾವು ನದಿ ಎಂದೇ ಪೂಜೆ ಮಾಡುವವರು.

ಅದಕ್ಕಿಂತ ದೊಡ್ಡ ಚಿಂತೆ ಬೇರೆ. ಕಾಗದದಲ್ಲಿ ಬೇಡ್ತಿ, ಶಾಲ್ಮಲಾ, ಪಟ್ಟಣದ ಹಳ್ಳ ಇದೆ. ಅಂಕೋಲೆಯ ಹೊಳೆಸಾಲಿನವರು ಇದನ್ನು ಓದಿದರೆ ಇದು ತಮ್ಮ ಗಂಗಾವಳಿ ಎಂದು ಹೊಳೆಯುತ್ತದೆಯೇ? ಶಿರಸಿ, ಯಲ್ಲಾಪುರದಲ್ಲಿ ಸಭೆ ಆಗುತ್ತದೆ. ಕೆಳಗಿನವರು ಅದನ್ನು ಘಟ್ಟದ ಮೇಲಿನವರ ವಿಷಯ ಅಂದುಕೊಂಡುಬಿಟ್ಟರೆ? ಮೇಲೆ ನೀರು ಕಡಿಮೆಯಾದರೆ ಮೊದಲು ತೊಂದರೆ ಆಗುವುದು ಅಳಿವೆಯಲ್ಲಿ.


ಗಜನಿ ಗದ್ದೆ (ಕುಮಟಾ)

ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀರು "ಸುಮ್ನೆ ಸಮುದ್ರಕ್ಕೆ ಹೋಗಿ ಹಾಳಾಗುತ್ತದೆ" ಎಂದು ಹೇಳುವವರು ಅಳಿವೆ ನೋಡಿದವರಲ್ಲ.

ಭರತದ ಹೊತ್ತಿಗೆ, ಅಂದರೆ ಸಮುದ್ರ ಏರುವಾಗ, ಉಪ್ಪುನೀರು ಹೊಳೆಯೊಳಗೆ ಕಿಲೋಮೀಟರ್‌ಗಟ್ಟಲೆ ಮೇಲೆ ಬರುತ್ತದೆ. ಅದನ್ನು ಹಿಂದಕ್ಕೆ ತಳ್ಳುವುದು ಮೇಲಿನಿಂದ ಬರುವ ಸಿಹಿನೀರು. ಎರಡೂ ಬೆರೆತ ಸವಳು ನೀರಿನಲ್ಲೇ ಸಿಗಡಿ, ಏಡಿ, ಚಿಪ್ಪಿಕಲ್ಲು, ಮೀನುಮರಿ ಬೆಳೆಯುವುದು. ಸಿಹಿನೀರಿನ ಒತ್ತು ಕಡಿಮೆಯಾದರೆ ಉಪ್ಪು ಮೇಲೆ ಹತ್ತುತ್ತದೆ. ದಡದ ಬಾವಿಗಳು ಸಪ್ಪೆಯಿಂದ ಉಪ್ಪಾಗುತ್ತವೆ. ನದಿ ತರುವ ಮರಳು, ಮಣ್ಣು ಕಡಿಮೆಯಾದರೆ ಸಮುದ್ರದಂಡೆ ಕೊರೆಯುತ್ತದೆ.


ಹೊಳೆಸಾಲು (ಅಂಕೋಲಾ)

ಕಾನುಸಾಲು ಅವರೇ, ನೀವು ಕೇಳಿದ್ದಕ್ಕೆ ಉತ್ತರ: ಇಲ್ಲ, ಹೊಳೆಯುವುದಿಲ್ಲ. ನಮ್ಮಲ್ಲಿ ಹಲವರಿಗೆ ಬೇಡ್ತಿ ಅಂದರೆ ಮಾಗೋಡು ಫಾಲ್ಸ್. ಅದೇ ನೀರು ನಮ್ಮ ಕೂರ್ವೆಯನ್ನು ಸುತ್ತಿ ಹೋಗುತ್ತದೆ ಎಂದು ಎಷ್ಟು ಜನ ಯೋಚಿಸಿರುತ್ತಾರೆ? ದಕ್ಷಿಣದವರು ಕುದ್ರು ಎನ್ನುವ ನಡುಗಡ್ಡೆಗೆ ನಾವು ಕುರ್ವೆ, ಕೂರ್ವೆ ಎನ್ನುತ್ತೇವೆ. ನೆರೆ ಬಂದರೆ ಮೊದಲು ದೋಣಿ ಹೋಗಬೇಕಾದ ಜಾಗ ಅದು.

2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಮಣ್ಣು ಹೆದ್ದಾರಿ ದಾಟಿ ಗಂಗಾವಳಿಗೆ ಬಿತ್ತು. ನೀರು ಎದ್ದು ಆಚೆ ದಡದ ಉಳುವರೆಗೆ ಹೊಡೆಯಿತು. ಜನ ಸತ್ತರು, ಮನೆಗಳು ಹೋದವು. ಹುಡುಕಾಟ ಸೆಪ್ಟೆಂಬರ್ ತನಕ ನಡೆಯಿತು. ನದಿಯಲ್ಲಿ ನೀರು ಎಷ್ಟಿದೆ, ಸೆಳೆತ ಎಷ್ಟಿದೆ ಎಂಬುದರ ಮೇಲೆ ಮುಳುಗುಗಾರರ ಕೆಲಸ ನಿಂತಿತ್ತು. ಆ ಸೆಳೆತ ಬಂದದ್ದು ಎಲ್ಲಿಂದ? ಯಲ್ಲಾಪುರ, ಶಿರಸಿ ಕಡೆಯ ಮಳೆಯಿಂದ. ಮೇಲಿನ ಹೆಸರು ಗೊತ್ತಿದ್ದವನಿಗೆ ಅಲ್ಲಿನ ಮಳೆಯ ಸುದ್ದಿಯೂ ತನ್ನದೇ ಸುದ್ದಿ.

ಹಾಗಾಗಿ ನನ್ನ ಮೂರನೇ ಪ್ರಶ್ನೆಗೆ ನಾನು ಹೀಗೆ ಮಾಡಬೇಕೆಂದಿದ್ದೇನೆ. ಯಾವ ಹೆಸರನ್ನೂ ತೆಗೆಯುವುದಿಲ್ಲ, ಯಾವುದನ್ನೂ ಸರಿ–ತಪ್ಪು ಅನ್ನುವುದಿಲ್ಲ. ಪ್ರತಿ ಹೆಸರಿನ ಮುಂದೆ ಅದು ಎಲ್ಲಿಂದ ಎಲ್ಲಿಯವರೆಗೆ ನಡೆಯುತ್ತದೆ, ಕೊನೆಗೆ ಯಾವ ಅಳಿವೆಗೆ ಹೋಗುತ್ತದೆ ಎಂದು ಬರೆಯುತ್ತೇನೆ. ಶಾಲ್ಮಲೆ, ಧಾರವಾಡ ಸೋಮೇಶ್ವರದಿಂದ ಕಲಘಟಗಿ, ಗಂಗಾವಳಿಗೆ. ಶಾಲ್ಮಲೆ, ಶಿರಸಿ ಸೀಮೆ, ಬೇಡ್ತಿಯ ಮೂಲಕ ಗಂಗಾವಳಿಗೆ. ಬೇಡ್ತಿ, ಕಲಘಟಗಿಯಿಂದ ಮಾಗೋಡಿನ ಕಣಿವೆ, ಗಂಗಾವಳಿಗೆ. ಹೀಗೆ. ಯಾರು ಯಾವ ತುದಿಯಿಂದ ಓದಿದರೂ ಇನ್ನೊಂದು ತುದಿ ಸಿಗಬೇಕು.


ಧಾರವಾಡ ಮಣ್ಣು

ಇದು ಛಲೋ ಆತು ನೋಡ್ರಿ. ಒಂದು ವಿನಂತಿ. ಸೋಮೇಶ್ವರದ ಮುಂದೆ "ಸಣ್ಣ ಹಳ್ಳ" ಎಂದು ಮಾತ್ರ ಬರೆಯಬೇಡಿ. ನಮ್ಮ ನೀರು ಕೊಳಚೆಯಾದರೆ ಅದೂ ಕೆಳಗೆ ಬರುತ್ತದೆ ಎಂಬುದನ್ನು ನಮ್ಮ ಊರಿನವರೂ ತಿಳಿಯಬೇಕು. ಧಾರವಾಡದ ಹುಡುಗರಿಗೆ ಕರಾವಳಿ ಅಂದರೆ ರಜೆಗೆ ಹೋಗುವ ಗೋಕರ್ಣ. ಅಲ್ಲಿ ಕಾಲು ತೊಳೆಯುವ ಹೊಳೆ ತಮ್ಮ ಊರಿನಿಂದ ಬಂದದ್ದು ಎಂದು ಗೊತ್ತಾದರೆ ಕಸ ಎಸೆಯುವ ಮುಂಚೆ ಒಂದು ಕ್ಷಣ ನಿಂತಾರು.


ಅರಬೈಲು ದಾರಿ

ಯಲ್ಲಾಪುರ ತಾಲ್ಲೂಕಿನದು ಬರೆಯುವಾಗ ಇನ್ನೊಂದು ಎಚ್ಚರಿಕೆ. ಈ ತಾಲ್ಲೂಕಿನ ನೀರೆಲ್ಲ ಗಂಗಾವಳಿಗೆ ಬರುವುದಿಲ್ಲ. ಮಾಗೋಡು ಗಂಗಾವಳಿಯದ್ದು, ಆದರೆ ಸಾತೊಡ್ಡಿ ಜಲಪಾತದ ನೀರು ಕೊಡಸಳ್ಳಿ ಹಿನ್ನೀರಿಗೆ, ಅಂದರೆ ಕಾಳಿಗೆ ಹೋಗುತ್ತದೆ. ಪ್ರವಾಸಿಗರು ಎರಡನ್ನೂ ಒಂದೇ ದಿನ ನೋಡುತ್ತಾರೆ, ಒಂದೇ ನದಿ ಅಂದುಕೊಳ್ಳುತ್ತಾರೆ.


ಹೊಳೆಸಾಲು (ಅಂಕೋಲಾ)

ಬರೆದುಕೊಂಡೆ. ಈಗ ಒಂದು ಜಾಗ ಖಾಲಿ ಉಳಿದಿದೆ. ಕಲಘಟಗಿಯಿಂದ ಮಂಚಿಕೇರಿಯ ತನಕ ನದಿಯ ದಡದಲ್ಲಿರುವವರು ಯಾರೂ ಇನ್ನೂ ಬರೆದಿಲ್ಲ. ಬಯಲು ಮುಗಿದು ಕಾಡು ಶುರುವಾಗುವ ಸೀಮೆ ಅದು. ಅಲ್ಲಿ ಕನ್ನಡದವರ ಜೊತೆ ಸಿದ್ದಿ, ಗೌಳಿ ಸಮುದಾಯದವರ, ಮರಾಠಿ ಮಾತಾಡುವವರ ಮನೆಗಳೂ ಇವೆ. ಅವರ ಬಾಯಲ್ಲಿ ಈ ಹೊಳೆಗೆ, ಅದಕ್ಕೆ ಸೇರುವ ಹಳ್ಳಗಳಿಗೆ ಏನು ಹೆಸರು? ನಿಮ್ಮ ಪರಿಚಯದವರು ಇದ್ದರೆ ದಯವಿಟ್ಟು ಕೇಳಿ, ಹೇಳಿದ ಹಾಗೆಯೇ ಬರೆದು ಕಳಿಸಿ. ತಿದ್ದಿ ಪುಸ್ತಕದ ಕನ್ನಡ ಮಾಡಬೇಡಿ.